ಎದೆಗಿಂತ ಮೊದಲು ದೂರು ಕೊಡುವ ರಕ್ತನಾಳ

ಪ್ರಶ್ನೆ: ನನಗೆ 52 ವರ್ಷ. ಸುಮಾರು ಒಂದು ವರ್ಷದಿಂದ ನಿಮಿರುವಿಕೆ ಮೊದಲಿನಷ್ಟು ಗಟ್ಟಿಯಾಗಿರುವುದಿಲ್ಲ, ಬಂದರೂ ನಡುವೆಯೇ ಇಳಿದುಹೋಗುತ್ತದೆ. ಆಸೆ ಕಡಿಮೆಯಾಗಿಲ್ಲ, ಹೆಂಡತಿಯೊಂದಿಗೆ ಮನಸ್ತಾಪವೂ ಇಲ್ಲ. ಬೆಳಗಿನ ಜಾವ ತಾನಾಗಿ ಆಗುತ್ತಿದ್ದುದೂ ಈಗ ಅಪರೂಪ. ನಾಲ್ಕು ವರ್ಷದಿಂದ ಬಿಪಿ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ, ಶುಗರ್ 'ಬಾರ್ಡರ್'ನಲ್ಲಿದೆ ಎಂದಿದ್ದಾರೆ, ದಿನಕ್ಕೆ ಏಳೆಂಟು ಸಿಗರೇಟು ಸೇದುತ್ತೇನೆ. ನರದೌರ್ಬಲ್ಯ ಇರಬೇಕೆಂದು ವೈದ್ಯರ ಬಳಿ ಹೋದರೆ, 'ಇದು ರಕ್ತನಾಳದ ತೊಂದರೆ ಇದ್ದಂತಿದೆ, ಮೊದಲು ಹೃದಯದ ಪರೀಕ್ಷೆ ಮಾಡಿಸಿ' ಎಂದರು. ನನಗೆ ಎದೆನೋವಿಲ್ಲ, ಏದುಸಿರಿಲ್ಲ. ಅಲ್ಲಿನ ತೊಂದರೆಗೆ ಎದೆಯ ಪರೀಕ್ಷೆ ಏಕೆ? ಬಿಪಿ ಮಾತ್ರೆ ಬಿಟ್ಟರೆ ಸರಿಹೋದೀತೆ? ಎಲ್ಲರೂ ಹೇಳುವ ಆ ನೀಲಿ ಮಾತ್ರೆಯನ್ನೇ ನೇರವಾಗಿ ತೆಗೆದುಕೊಳ್ಳಬಹುದೆ?

ಉತ್ತರ: ನಿಮ್ಮ ವೈದ್ಯರು ಹೇಳಿದ್ದು ಸರಿ. ನೀವು ಬರೆದ ನಾಲ್ಕು ಸಾಲಿನಲ್ಲೇ ಮೂರು ಸುಳಿವುಗಳಿವೆ. ತೊಂದರೆ ಒಂದೇ ದಿನ ಬಂದದ್ದಲ್ಲ, ಮೆಲ್ಲಗೆ ಬೆಳೆದದ್ದು. ಆಸೆ ಹಾಗೆಯೇ ಇದೆ. ಬೆಳಗಿನ ಜಾವದ್ದೂ ಕುಂದಿದೆ. ಮನಸ್ಸಿನ ಕಾರಣಕ್ಕೆ ಬರುವ ತೊಂದರೆಯ ಚಹರೆ ಸಾಮಾನ್ಯವಾಗಿ ಬೇರೆ: ಅದು ದಿಢೀರನೆ ಶುರುವಾಗುತ್ತದೆ, ಒಮ್ಮೆ ಕೈಕೊಟ್ಟರೆ ಇನ್ನೊಮ್ಮೆ ಸರಿಯಾಗಿಯೇ ಇರುತ್ತದೆ, ನಿದ್ದೆಯಲ್ಲಂತೂ ಯಾವ ಕೊರತೆಯೂ ಕಾಣುವುದಿಲ್ಲ. ಆರೋಗ್ಯವಂತ ಗಂಡಸಿಗೆ ಕನಸು ಬೀಳುವ ಹಂತದ ನಿದ್ದೆಯಲ್ಲಿ ರಾತ್ರಿಗೆ ಮೂರರಿಂದ ಐದು ಸಲ ತಾನಾಗಿ ನಿಮಿರುತ್ತದೆ. ಎಚ್ಚರವಾದಾಗ ಗಮನಕ್ಕೆ ಬರುವುದು ಅದರಲ್ಲಿ ಕೊನೆಯದು. ಆ ಹೊತ್ತಿನಲ್ಲಿ ನಾಚಿಕೆ, ಆತಂಕ, 'ಇವತ್ತಾದರೂ ಆಗುತ್ತದೋ ಇಲ್ಲವೋ' ಎಂಬ ಲೆಕ್ಕಾಚಾರ ಯಾವುದೂ ಇರುವುದಿಲ್ಲ. ಅದೂ ಕಡಿಮೆಯಾಗಿದೆ ಎಂದರೆ ದೇಹದ ಕಡೆಗೆ ನೋಡಬೇಕು.

ನೀವು ಬಳಸಿದ 'ನರದೌರ್ಬಲ್ಯ' ಎಂಬ ಪದದ ಬಗ್ಗೆ ಒಂದು ಮಾತು. ನಮ್ಮ ಆಡುಮಾತಿನಲ್ಲಿ ನರ ಎಂದರೆ ಎರಡೂ ಹೌದು, ಮಿದುಳಿನ ಸಂದೇಶ ಒಯ್ಯುವ ತಂತುವೂ ಹೌದು, ರಕ್ತ ಹರಿಯುವ ನಾಳವೂ ಹೌದು. ರಕ್ತ ತೆಗೆಯುವಾಗ ಸೂಜಿ ಸರಿಯಾಗಿ ಹೋಗದಿದ್ದರೆ 'ನರ ಸಿಗಲಿಲ್ಲ' ಎನ್ನುತ್ತಾರಲ್ಲ, ಅದು ನಿಜಕ್ಕೂ ರಕ್ತನಾಳ. ಈ ಗೊಂದಲದಿಂದ ಎಷ್ಟೋ ಗಂಡಸರು ವರ್ಷಗಟ್ಟಲೆ ನರಕ್ಕೆ ಶಕ್ತಿ ಕೊಡುವ ಟಾನಿಕ್, ವಿಟಮಿನ್ ಇಂಜೆಕ್ಷನ್ ಎಂದು ಓಡಾಡಿ, ರಕ್ತನಾಳದ ಕಡೆ ಯಾರೂ ಕಣ್ಣು ಹಾಯಿಸದಂತೆ ಮಾಡಿಕೊಂಡಿದ್ದಾರೆ. ನರತಂತುಗಳ ತೊಂದರೆಯಿಂದಲೂ ಈ ಸಮಸ್ಯೆ ಬರುತ್ತದೆ, ಅದರಲ್ಲೂ ಹಳೆಯ ಸಕ್ಕರೆ ಕಾಯಿಲೆ ಇದ್ದವರಲ್ಲಿ ಮತ್ತು ಪ್ರಾಸ್ಟೇಟ್ ಶಸ್ತ್ರಚಿಕಿತ್ಸೆಯ ಬಳಿಕ. ಆದರೆ ನಡುವಯಸ್ಸು ದಾಟಿದವರಲ್ಲಿ ದೈಹಿಕ ಕಾರಣಗಳ ಪೈಕಿ ಮೊದಲ ಸ್ಥಾನ ರಕ್ತನಾಳಗಳದ್ದೇ.

ಏಕೆಂದರೆ ನಿಮಿರುವಿಕೆ ಎಂಬುದು ಮೂಲತಃ ರಕ್ತದ ವ್ಯವಹಾರ. ಶಿಶ್ನದ ಉದ್ದಕ್ಕೂ ಅಕ್ಕಪಕ್ಕದಲ್ಲಿ ಸ್ಪಂಜಿನಂಥ ಎರಡು ಕೊಳವೆಗಳಿವೆ. ಅವುಗಳ ತುಂಬ ಪುಟ್ಟ ಪುಟ್ಟ ಗೂಡುಗಳು, ಗೂಡಿನ ಗೋಡೆಗಳಲ್ಲಿ ನಮ್ಮ ಇಚ್ಛೆಗೆ ಒಳಪಡದ ಸ್ನಾಯು, ಹೊರಗೆ ಬಿಗಿಯಾದ ಒಂದು ಪೊರೆ. ಉಳಿದ ಹೊತ್ತಿನಲ್ಲಿ ಆ ಸ್ನಾಯು ಮುಷ್ಟಿ ಬಿಗಿದಂತೆ ಇರುತ್ತದೆ. ರಕ್ತ ಒಂದಿಷ್ಟೇ ಒಳಹೋಗಿ ಹಾಗೆಯೇ ಹೊರಬರುತ್ತದೆ. ಉದ್ರೇಕವಾದಾಗ ಮುಷ್ಟಿ ಸಡಿಲಗೊಳ್ಳಬೇಕು. ವಿಚಿತ್ರವೆನಿಸಬಹುದು, ಆದರೆ ಅಂಗ ಗಟ್ಟಿಯಾಗುವುದು ಒಳಗಿನ ಸ್ನಾಯು ಸಡಿಲವಾಗುವುದರಿಂದ. ಸಡಿಲವಾದೊಡನೆ ಅಪಧಮನಿಗಳು ಅಗಲಗೊಂಡು ರಕ್ತ ನುಗ್ಗುತ್ತದೆ, ಗೂಡುಗಳು ಉಬ್ಬುತ್ತವೆ. ಉಬ್ಬಿದ ಸ್ಪಂಜು ಹೊರಗಿನ ಬಿಗಿ ಪೊರೆಗೆ ಒತ್ತಿಕೊಂಡಾಗ, ಅವೆರಡರ ನಡುವೆ ಹಾದುಹೋಗುವ ಸಣ್ಣ ಅಭಿಧಮನಿಗಳು ಅದುಮಿಹೋಗುತ್ತವೆ. ಬಂದ ರಕ್ತ ಹೊರಹೋಗುವ ದಾರಿ ಮುಚ್ಚುತ್ತದೆ. ಸೈಕಲ್ ಟ್ಯೂಬಿಗೆ ಗಾಳಿ ತುಂಬಿದ ಹಾಗೆ: ಪಂಪೂ ಚೆನ್ನಾಗಿರಬೇಕು, ವಾಲ್ವೂ ಹಿಡಿದಿಟ್ಟುಕೊಳ್ಳಬೇಕು.

ಅಂದರೆ ರಕ್ತನಾಳದ ಕಡೆಯಿಂದ ಕೆಡುವ ಜಾಗಗಳು ಎರಡು. ಒಳಬರುವ ರಕ್ತ ಸಾಲದಿರಬಹುದು, ಬಂದದ್ದು ನಿಲ್ಲದಿರಬಹುದು. 'ಗಟ್ಟಿಯಾಗುವುದೇ ಇಲ್ಲ' ಎನ್ನುವವರಲ್ಲಿ ಮೊದಲನೆಯದು, 'ಆಗುತ್ತದೆ, ಆದರೆ ಉಳಿಯುವುದಿಲ್ಲ' ಎನ್ನುವವರಲ್ಲಿ ಎರಡನೆಯದು ಎಂದು ಪುಸ್ತಕದಲ್ಲಿ ಬರೆಯುವುದು ಸುಲಭ. ನಿಜವಾದ ಮನುಷ್ಯರಲ್ಲಿ ಇವೆರಡೂ ಬೆರೆತಿರುತ್ತವೆ, ನಿಮ್ಮಲ್ಲೂ ಹಾಗೆಯೇ ಇದ್ದಂತಿದೆ.

ಹಾಗಾದರೆ ಮುಷ್ಟಿ ಸಡಿಲಿಸುವವರು ಯಾರು? ಒಂದು ಅನಿಲ. ನೈಟ್ರಿಕ್ ಆಕ್ಸೈಡ್. ಉದ್ರೇಕದ ಸಂದೇಶ ಬಂದಾಗ ನರದ ತುದಿಗಳು ಮೊದಲು ಇದನ್ನು ಬಿಡುತ್ತವೆ. ರಕ್ತದ ಹರಿವು ಜೋರಾದ ಮೇಲೆ ರಕ್ತನಾಳದ ಒಳಪದರವೇ ಅದನ್ನು ತಯಾರಿಸುತ್ತ ಹೋಗುತ್ತದೆ. ಈ ಒಳಪದರ ಕೇವಲ ಒಂದು ಕೋಶದಷ್ಟು ದಪ್ಪದ ಹಾಸು. ಬಹುಕಾಲ ವಿಜ್ಞಾನಿಗಳೂ ಅದನ್ನು ಪೈಪಿನ ಒಳಗಿನ ನಯವಾದ ಲೇಪನ ಎಂದಷ್ಟೇ ತಿಳಿದಿದ್ದರು. 1980ರಲ್ಲಿ ಅಮೆರಿಕದ ರಾಬರ್ಟ್ ಫರ್ಚ್‌ಗಾಟ್ ಮೊಲದ ಮಹಾಪಧಮನಿಯ ತುಂಡುಗಳನ್ನಿಟ್ಟುಕೊಂಡು ಮಾಡಿದ ಪ್ರಯೋಗ ಆ ಕಲ್ಪನೆಯನ್ನು ತಲೆಕೆಳಗು ಮಾಡಿತು. ಒಳಪದರ ಇದ್ದ ತುಂಡು ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಹಾಕಿದಾಗ ಹಿಗ್ಗಿತು. ಒಳಪದರವನ್ನು ಉಜ್ಜಿ ತೆಗೆದ ತುಂಡು ಹಿಗ್ಗಲಿಲ್ಲ. ಅಂದರೆ ಆ ತೆಳು ಹಾಸು ಏನನ್ನೋ ಸ್ರವಿಸುತ್ತಿದೆ. ಆ 'ಏನೋ' ನೈಟ್ರಿಕ್ ಆಕ್ಸೈಡ್ ಎಂದು ಮುಂದೆ ಗೊತ್ತಾಯಿತು. ಫರ್ಚ್‌ಗಾಟ್, ಲೂಯಿ ಇಗ್ನಾರೊ, ಫೆರಿಡ್ ಮುರಾದ್ ಮೂವರಿಗೆ 1998ರ ನೊಬೆಲ್ ಬಂತು. ನೀವು ಕೇಳಿದ ನೀಲಿ ಮಾತ್ರೆಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದೂ ಅದೇ ವರ್ಷದ ಮಾರ್ಚಿನಲ್ಲಿ.

ಈ ಒಳಪದರವೇ ನಿಮ್ಮ ಪ್ರಶ್ನೆಯ ತಿರುಳು. ಸಿಗರೇಟಿನ ಹೊಗೆ, ಏರಿದ ಬಿಪಿ, ರಕ್ತದಲ್ಲಿ ಹೆಚ್ಚಿದ ಸಕ್ಕರೆ, ಕೆಟ್ಟ ಕೊಲೆಸ್ಟ್ರಾಲ್, ಹೊಟ್ಟೆಯ ಸುತ್ತ ಸೇರಿದ ಬೊಜ್ಜು ಎಲ್ಲವೂ ಬೇರೆ ಬೇರೆ ದಾರಿಯಲ್ಲಿ ಬಂದು ಕೊನೆಗೆ ಏಟು ಕೊಡುವುದು ಇದಕ್ಕೇ. ಏಟು ತಿಂದ ಒಳಪದರ ನೈಟ್ರಿಕ್ ಆಕ್ಸೈಡನ್ನು ಕಡಿಮೆ ತಯಾರಿಸುತ್ತದೆ, ತಯಾರಾದದ್ದನ್ನೂ ಹಾನಿಕರ ಆಮ್ಲಜನಕ ಕಣಗಳು ದಾರಿಯಲ್ಲೇ ನಾಶಮಾಡುತ್ತವೆ. ಮುಷ್ಟಿ ಪೂರ್ತಿ ಸಡಿಲವಾಗುವುದಿಲ್ಲ. ಗಮನಿಸಿ, ಈ ಹಂತದಲ್ಲಿ ರಕ್ತನಾಳದಲ್ಲಿ 'ಬ್ಲಾಕ್' ಎನ್ನುವಂಥದ್ದು ಇನ್ನೂ ಇಲ್ಲದಿರಬಹುದು. ಆಂಜಿಯೋಗ್ರಾಂ ಮಾಡಿದರೂ ಏನೂ ಕಾಣದಿರಬಹುದು. ಪೈಪು ಕಟ್ಟಿಕೊಂಡಿಲ್ಲ, ಅಗಲವಾಗಲು ಮರೆತಿದೆ ಅಷ್ಟೆ. ಕೊಬ್ಬಿನ ಜಿಡ್ಡು ಗೋಡೆಯೊಳಗೆ ಸೇರಿ ಗಂಟು ಕಟ್ಟುವುದು ಇದರ ಮುಂದಿನ ಅಧ್ಯಾಯ.

ಈಗ 'ಎದೆಯ ಪರೀಕ್ಷೆ ಏಕೆ' ಎಂಬುದಕ್ಕೆ ಬರೋಣ. ಶಿಶ್ನಕ್ಕೆ ರಕ್ತ ಒಯ್ಯುವ ಅಪಧಮನಿಯ ಅಗಲ 1ರಿಂದ 2 ಮಿಲಿಮೀಟರ್. ಹೃದಯದ ಸ್ನಾಯುವಿಗೆ ರಕ್ತ ಕೊಡುವ ಕರೊನರಿ ಅಪಧಮನಿಯದ್ದು 3ರಿಂದ 4. ಕುತ್ತಿಗೆಯಲ್ಲಿ ಮಿದುಳಿಗೆ ಹೋಗುವುದು 5ರಿಂದ 7, ತೊಡೆಯದ್ದು 6ರಿಂದ 8. ರಕ್ತನಾಳದ ಕಾಯಿಲೆ ಒಂದು ಅಂಗವನ್ನು ಮಾತ್ರ ಆರಿಸಿಕೊಂಡು ಬರುವುದಿಲ್ಲ, ಮೈಯೆಲ್ಲ ಒಟ್ಟಿಗೆ ಹರಡುತ್ತದೆ. ಒಂದೇ ದಪ್ಪದ ಜಿಡ್ಡು ಎಲ್ಲ ಕಡೆ ಮೆತ್ತಿಕೊಂಡರೆ ಯಾವ ಪೈಪಿನಲ್ಲಿ ಮೊದಲು ಹರಿವು ಕುಂದುತ್ತದೆ? ಇಟಲಿಯ ಮೂತ್ರರೋಗ ತಜ್ಞ ಫ್ರಾನ್ಸೆಸ್ಕೊ ಮಾಂಟೋರ್ಸಿ ಮತ್ತವರ ಜೊತೆಗಾರರು ಮುಂದಿಟ್ಟ ವಾದ ಇದೇ. ತೀವ್ರ ಎದೆನೋವಿನಿಂದ ಬಂದು, ಕರೊನರಿ ಕಾಯಿಲೆ ಖಚಿತವಾದ 300 ಗಂಡಸರನ್ನು ಅವರು ಪ್ರಶ್ನಿಸಿದಾಗ ಸುಮಾರು ಅರ್ಧದಷ್ಟು ಮಂದಿಗೆ ನಿಮಿರುವಿಕೆಯ ತೊಂದರೆ ಇತ್ತು. ಆ ಅರ್ಧದಲ್ಲಿ ಮೂರನೇ ಎರಡರಷ್ಟು ಜನರಿಗೆ ಅದು ಎದೆನೋವಿಗಿಂತ ಮೊದಲೇ ಶುರುವಾಗಿತ್ತು. ಎಷ್ಟು ಮೊದಲು? ಸರಾಸರಿ ಮೂರು ವರ್ಷಕ್ಕಿಂತ ತುಸು ಹೆಚ್ಚು.

ಈ ಮೂರು ವರ್ಷವನ್ನು ನಾನು ಮತ್ತೆ ಮತ್ತೆ ಒತ್ತಿ ಹೇಳುತ್ತೇನೆ. ಆ ಅವಧಿಯುದ್ದಕ್ಕೂ ದೇಹ ದೂರು ಕೊಡುತ್ತಲೇ ಇತ್ತು. ಆದರೆ ನಾಚಿಕೆಯಿಂದ ಅವರು ಬಾಯಿ ಬಿಟ್ಟಿರಲಿಲ್ಲ, ಮುಜುಗರದಿಂದ ವೈದ್ಯರೂ ಕೇಳಿರಲಿಲ್ಲ. ನಿಮ್ಮ ವೈದ್ಯರು ನಿಮ್ಮನ್ನು ಎದೆಯ ಪರೀಕ್ಷೆಗೆ ಕಳಿಸಿದ್ದು ವಿಷಯ ಮರೆಸುವುದಕ್ಕಲ್ಲ, ದೂರನ್ನು ದಾಖಲಿಸಿಕೊಳ್ಳುವುದಕ್ಕೆ. ಹಾಗೆಂದು ಇಂದೇ ಹೃದಯಾಘಾತದ ಭಯ ಹಚ್ಚಿಕೊಳ್ಳಬೇಡಿ. ಈ ತೊಂದರೆ ಇರುವ ಎಲ್ಲರಿಗೂ ಹೃದಯದ ಕಾಯಿಲೆ ಬರುವುದಿಲ್ಲ. 2005ರಲ್ಲಿ ಪ್ರಕಟವಾದ ಒಂದು ದೊಡ್ಡ ಅಮೆರಿಕನ್ ಅಧ್ಯಯನ ಹೇಳಿದ್ದು, ಹೊಸದಾಗಿ ಈ ತೊಂದರೆ ಕಾಣಿಸಿಕೊಂಡವರಲ್ಲಿ ಮುಂದೆ ಹೃದಯ ಮತ್ತು ರಕ್ತನಾಳದ ಕಾಯಿಲೆ ಬರುವ ಸಂಭವ ಉಳಿದವರಿಗಿಂತ ಕಾಲುಭಾಗದಷ್ಟು ಹೆಚ್ಚು ಎಂದು. ಸಿಗರೇಟು ಸೇದುವುದರಿಂದ ಅಥವಾ ಮನೆತನದಲ್ಲಿ ಹೃದಯಾಘಾತ ಇರುವುದರಿಂದ ಎಷ್ಟು ಅಪಾಯವೋ ಹೆಚ್ಚುಕಡಿಮೆ ಅಷ್ಟು. ಗಾಬರಿಪಡುವಷ್ಟಲ್ಲ, ಕಡೆಗಣಿಸುವಷ್ಟೂ ಅಲ್ಲ. ನಲವತ್ತರ ಆಸುಪಾಸಿನಲ್ಲೇ, ಬೇರೆ ಸ್ಪಷ್ಟ ಕಾರಣವಿಲ್ಲದೆ ಬಂದರೆ ಮಾತ್ರ ನನಗೆ ಹೆಚ್ಚು ಆತಂಕ. ವಯಸ್ಸು ಕಡಿಮೆಯಿದ್ದಷ್ಟೂ ಈ ಸೂಚನೆಗೆ ತೂಕ ಜಾಸ್ತಿ.

ಪರೀಕ್ಷೆ ಎಂದರೆ ಏನೇನು? ಬಿಪಿ, ಸೊಂಟದ ಸುತ್ತಳತೆ, ಖಾಲಿ ಹೊಟ್ಟೆಯ ಶುಗರ್ ಹಾಗೂ ಹಿಂದಿನ ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ ಹೇಳುವ ಎಚ್‌ಬಿಎ1ಸಿ, ಕೊಲೆಸ್ಟ್ರಾಲ್, ಮೂತ್ರಪಿಂಡದ ಕ್ರಿಯಾಟಿನಿನ್, ಬೆಳಗಿನ ಹೊತ್ತು ತೆಗೆದ ರಕ್ತದಲ್ಲಿ ಟೆಸ್ಟೋಸ್ಟೆರಾನ್, ಮತ್ತು ಒಂದು ಇಸಿಜಿ. ಸುಮ್ಮನೆ ಮಲಗಿದ್ದಾಗ ತೆಗೆದ ಇಸಿಜಿ ಚೆನ್ನಾಗಿದೆ ಎಂದಮಾತ್ರಕ್ಕೆ ಕರೊನರಿ ನಾಳ ಚೊಕ್ಕಟವಾಗಿದೆ ಎಂದಲ್ಲ. ನಿಮ್ಮಂತೆ ಬಿಪಿ, ಗಡಿಯಂಚಿನ ಶುಗರ್, ಸಿಗರೇಟು ಮೂರೂ ಒಟ್ಟಿಗಿರುವವರಿಗೆ ಟ್ರೆಡ್‌ಮಿಲ್ ಪರೀಕ್ಷೆಯನ್ನೋ, ಕರೊನರಿಯಲ್ಲಿ ಸೇರಿದ ಕ್ಯಾಲ್ಸಿಯಂ ಅಳೆಯುವ ಸಿಟಿ ಸ್ಕ್ಯಾನನ್ನೋ ವೈದ್ಯರು ಸೂಚಿಸಬಹುದು. ಮಾಡಿಸಿಕೊಳ್ಳಿ. 'ಬಾರ್ಡರ್' ಶುಗರ್ ಎಂಬ ಮಾತನ್ನೂ ಹಗುರವಾಗಿ ತೆಗೆದುಕೊಳ್ಳಬೇಡಿ. ಎಚ್‌ಬಿಎ1ಸಿ 5.7ರಿಂದ 6.4ರ ನಡುವೆ ಇದ್ದರೆ ಕಾಗದದ ಮೇಲೆ ಅದು ಮಧುಮೇಹವಲ್ಲ; ರಕ್ತನಾಳದ ಒಳಪದರ ಆ ಕಾಗದವನ್ನು ಓದಿರುವುದಿಲ್ಲ.

ನಡೆಯುವಾಗ ಪೃಷ್ಠ, ತೊಡೆ ಅಥವಾ ಮೀನಖಂಡ ಹಿಡಿದುಕೊಂಡಂತಾಗಿ, ನಿಂತರೆ ಕೆಲವೇ ನಿಮಿಷದಲ್ಲಿ ಸಡಿಲವಾಗುತ್ತದೆಯೆ? ಹೌದಾದರೆ ಇದನ್ನು ವೈದ್ಯರಿಗೆ ಹೇಳಲೇಬೇಕು. ಹೊಟ್ಟೆಯ ಮಹಾಪಧಮನಿ ಎರಡಾಗಿ ಕವಲೊಡೆಯುವ ಜಾಗದಲ್ಲೇ ಅಡಚಣೆಯಾದರೆ ಕಾಲಿಗೂ ಶಿಶ್ನಕ್ಕೂ ಒಟ್ಟಿಗೇ ರಕ್ತ ಕಡಿಮೆಯಾಗುತ್ತದೆ. ಫ್ರಾನ್ಸಿನ ಶಸ್ತ್ರವೈದ್ಯ ರೆನೆ ಲೆರಿಶ್ ಕಳೆದ ಶತಮಾನದ ಮೊದಲರ್ಧದಲ್ಲೇ ಇದನ್ನು ವಿವರಿಸಿದ್ದರು, ಈಗಲೂ ಅವರ ಹೆಸರಿನಲ್ಲೇ ಕರೆಯುತ್ತಾರೆ. ತೊಡೆಯ ಸಂದಿನಲ್ಲಿ ನಾಡಿ ಮುಟ್ಟಿ ನೋಡಿದರೆ ಅನುಮಾನ ಹುಟ್ಟುತ್ತದೆ, ಯಂತ್ರವೂ ಬೇಡ.

ಇನ್ನು 'ನಡುವೆಯೇ ಇಳಿದುಹೋಗುತ್ತದೆ' ಎಂದಿರಲ್ಲ, ಅದರ ಬಗ್ಗೆ. ಅಂತರ್ಜಾಲದಲ್ಲಿ 'ವೀನಸ್ ಲೀಕ್' ಎಂಬ ಮಾತು ನಿಮ್ಮ ಕಣ್ಣಿಗೂ ಬಿದ್ದಿರಬಹುದು. ಯಾವುದೋ ಒಂದು ಅಭಿಧಮನಿ ತೂತಾಗಿದೆ, ಅದನ್ನು ಕಟ್ಟಿಬಿಟ್ಟರೆ ಮುಗಿಯಿತು ಎಂಬ ಚಿತ್ರ ಆ ಪದದಿಂದ ಮೂಡುತ್ತದೆ. ಆದದ್ದು ಅದಲ್ಲ. ಅಭಿಧಮನಿಯನ್ನು ಅದುಮಿ ಹಿಡಿಯಬೇಕಾದ ಸ್ಪಂಜೇ ತನ್ನ ಉಬ್ಬುವ ಗುಣ ಕಳೆದುಕೊಂಡಿರುತ್ತದೆ. ಇದರ ಹಿಂದೆ ಸ್ವಾರಸ್ಯದ ಒಂದು ಸಂಗತಿಯಿದೆ. ಸಾಮಾನ್ಯ ಸ್ಥಿತಿಯಲ್ಲಿ ಶಿಶ್ನದೊಳಗಿನ ರಕ್ತದಲ್ಲಿ ಆಮ್ಲಜನಕ ಬಹಳ ಕಡಿಮೆ, ಅದರ ಒತ್ತಡ ಸುಮಾರು 25ರಿಂದ 40 ಮಿ.ಮೀ. ಪಾದರಸದಷ್ಟು, ನಿಮಿರಿದಾಗ ಅದು 90ರಿಂದ 100ಕ್ಕೆ ಏರುತ್ತದೆ. ರಾತ್ರಿ ನಿದ್ದೆಯಲ್ಲಿ ಹಲವು ಸಲ ಹೀಗಾಗುವುದು ಆ ಅಂಗಾಂಶಕ್ಕೆ ಸಿಗುವ ಊಟ ಎಂದು ಬಹಳಷ್ಟು ತಜ್ಞರ ಅಭಿಪ್ರಾಯ. ಊಟ ತಪ್ಪಿದಷ್ಟೂ ಸ್ನಾಯು ಸವೆದು ಅದರ ಜಾಗದಲ್ಲಿ ಹಿಗ್ಗದ ನಾರು ತುಂಬಿಕೊಳ್ಳುತ್ತದೆ. ಒಳಬರುವ ರಕ್ತ ಕಡಿಮೆಯಾದದ್ದರಿಂದ ಹೊರಹೋಗುವ ಬಾಗಿಲೂ ಕೆಡುತ್ತದೆ. ಅಭಿಧಮನಿ ಕಟ್ಟುವ ಶಸ್ತ್ರಚಿಕಿತ್ಸೆಯನ್ನು ಒಂದು ಕಾಲದಲ್ಲಿ ಉತ್ಸಾಹದಿಂದ ಮಾಡಿದರು. ಆದರೆ ಹೀಗಾಗಿಯೇ ಫಲ ಬಾಳಿಕೆ ಬರಲಿಲ್ಲ. ಇಂದಿನ ಮಾರ್ಗಸೂಚಿಗಳು ಅದನ್ನು ಶಿಫಾರಸು ಮಾಡುವುದಿಲ್ಲ. ಯಾರಾದರೂ ನಿಮಗೆ ಅದನ್ನು ಹೇಳಿದರೆ ಎದ್ದು ಬನ್ನಿ.

ಶಿಶ್ನದ ಡಾಪ್ಲರ್ ಸ್ಕ್ಯಾನ್ ಬೇಕೆ ಎಂದು ನೀವು ಕೇಳಿಲ್ಲ, ಆದರೆ ಯಾರೋ ಒಬ್ಬರು ಬರೆದುಕೊಟ್ಟೇ ಕೊಡುತ್ತಾರೆ. ಇಂಜೆಕ್ಷನ್ ಕೊಟ್ಟು ಸ್ನಾಯು ಸಡಿಲಿಸಿ, ರಕ್ತದ ವೇಗ ಅಳೆಯುವ ಪರೀಕ್ಷೆ ಅದು. ಒಳನುಗ್ಗುವ ಗರಿಷ್ಠ ವೇಗ ಸೆಕೆಂಡಿಗೆ 25 ಸೆಂಟಿಮೀಟರಿಗಿಂತ ಕಡಿಮೆ ಇದ್ದರೆ ಅಪಧಮನಿಯ ದೋಷ, 35 ದಾಟಿದರೆ ಚೆನ್ನಾಗಿದೆ ಎಂದು ಲೆಕ್ಕ. ಬಡಿತದ ಕೊನೆಯಲ್ಲೂ ವೇಗ 5ಕ್ಕಿಂತ ಹೆಚ್ಚು ಉಳಿದರೆ ರಕ್ತ ಸೋರಿಹೋಗುತ್ತಿದೆ ಎಂದು ಅನುಮಾನ. ಒಂದೇ ತಕರಾರು: ಅಪರಿಚಿತ ಕೋಣೆಯಲ್ಲಿ, ಅಪರಿಚಿತರ ಎದುರು, ಸೂಜಿ ಚುಚ್ಚಿಸಿಕೊಂಡು ಮಲಗಿದ ಮನುಷ್ಯನ ಮೈಯಲ್ಲಿ ಅಡ್ರಿನಲಿನ್ ಉಕ್ಕುತ್ತಿರುತ್ತದೆ, ಮತ್ತು ಅಡ್ರಿನಲಿನ್ ಆ ಮುಷ್ಟಿಯನ್ನು ಬಿಗಿಯುವ ರಾಸಾಯನಿಕ. ಇಲ್ಲದ ಸೋರಿಕೆ ಇದೆಯೆಂದು ವರದಿ ಬರುವುದು ಅಪರೂಪವಲ್ಲ. ಮೊದಲ ಹಂತದಲ್ಲಿ ನಿಮಗೆ ಇದರ ಅಗತ್ಯ ನನಗೆ ಕಾಣುವುದಿಲ್ಲ. ಮಾತ್ರೆ ಫಲಿಸದಿದ್ದರೆ, ಇಲ್ಲವೆ ಶಸ್ತ್ರಚಿಕಿತ್ಸೆಯ ಮಾತು ಬಂದರೆ ಆಗ ನೋಡೋಣ.

ಬಿಪಿ ಮಾತ್ರೆ ಬಿಡುವ ಯೋಚನೆ. ಬೇಡ, ಖಂಡಿತ ಬೇಡ. ಏರಿದ ಬಿಪಿಯೇ ಒಳಪದರಕ್ಕೆ ಶತ್ರು; ಮಾತ್ರೆ ಬಿಟ್ಟರೆ ತೊಂದರೆಯ ಬೇರಿಗೆ ನೀರೆರೆದಂತೆ. ಆದರೆ ನಿಮ್ಮ ಅನುಮಾನ ಪೂರ್ತಿ ಬುಡವಿಲ್ಲದ್ದೂ ಅಲ್ಲ. ಮೂತ್ರ ಹೆಚ್ಚಿಸುವ ಥಯಝೈಡ್ ಗುಂಪಿನ ಮಾತ್ರೆಗಳು ಮತ್ತು ಅಟೆನಲಾಲ್, ಪ್ರೊಪ್ರನಲಾಲ್‌ನಂಥ ಹಳೆಯ ಬೀಟಾ ಬ್ಲಾಕರ್‌ಗಳು ಕೆಲವರಲ್ಲಿ ನಿಮಿರುವಿಕೆಯನ್ನು ಕುಗ್ಗಿಸುತ್ತವೆ. ಲೊಸಾರ್ಟಾನ್, ಟೆಲ್ಮಿಸಾರ್ಟಾನ್ ಗುಂಪಿನವು ಹಾಗೆ ಮಾಡುವುದಿಲ್ಲ. ಮಾತ್ರೆಯ ಹೆಸರು ಹೇಳಿ, ಬದಲಾಯಿಸಲು ಆಗುತ್ತದೆಯೆ ಎಂದು ವೈದ್ಯರನ್ನು ಕೇಳಿ. ತೊಂದರೆ ಶುರುವಾದದ್ದು ಮಾತ್ರೆ ಶುರುವಾದ ಕೆಲವೇ ವಾರಗಳಲ್ಲಾದರೆ ಮಾತ್ರೆಯ ಮೇಲೆ ಅನುಮಾನ ಗಟ್ಟಿ. ನಿಮ್ಮದು ಮೂರು ವರ್ಷದ ನಂತರ ಬಂದದ್ದು, ಹಾಗಾಗಿ ನನ್ನ ಅನುಮಾನ ಕಡಿಮೆ.

ಇಲ್ಲೇ ಒಂದು ಪ್ರಸಂಗ ಹೇಳಿಬಿಡುತ್ತೇನೆ. 2003ರಲ್ಲಿ ಪ್ರಕಟವಾದ ಇಟಲಿಯ ಒಂದು ಪ್ರಯೋಗದಲ್ಲಿ ಮೊದಲು ಈ ತೊಂದರೆ ಇಲ್ಲದಿದ್ದ 96 ಗಂಡಸರಿಗೆ ಅಟೆನಲಾಲ್ ಕೊಟ್ಟರು. ಮೂರನೇ ಒಂದು ಭಾಗದವರಿಗೆ ಯಾವ ಮಾತ್ರೆ ಎಂದೇ ಹೇಳಲಿಲ್ಲ. ಇನ್ನೊಂದು ಭಾಗಕ್ಕೆ ಹೆಸರು ಮಾತ್ರ ಹೇಳಿದರು. ಉಳಿದವರಿಗೆ ಹೆಸರಿನ ಜೊತೆ 'ಇದರಿಂದ ನಿಮಿರುವಿಕೆಗೆ ತೊಂದರೆಯಾಗಬಹುದು' ಎಂದೂ ಹೇಳಿದರು. ಮೂರು ತಿಂಗಳ ಬಳಿಕ ತೊಂದರೆ ಹೇಳಿಕೊಂಡವರು ಮೊದಲ ಗುಂಪಿನಲ್ಲಿ ಶೇ. 3, ಎರಡನೆಯದರಲ್ಲಿ ಶೇ. 16ರಷ್ಟು, ಮೂರನೆಯದರಲ್ಲಿ ಶೇ. 31. ಮಾತ್ರೆ ಒಂದೇ, ಪ್ರಮಾಣ ಒಂದೇ. ರಕ್ತನಾಳದ ತೊಂದರೆ ಎಂದು ನಾನು ಇಷ್ಟು ಹೇಳಿದರೂ ಮನಸ್ಸು ಇದರಲ್ಲಿ ಪಾಲುದಾರನಲ್ಲ ಎಂದುಕೊಳ್ಳಬೇಡಿ. ಎರಡು ಸಲ ಕೈಕೊಟ್ಟ ಮೇಲೆ ಮೂರನೆಯ ಸಲ ಹೆದರಿಕೆಯೇ ಅಡ್ರಿನಲಿನ್ ತಂದು ಸುರಿಯುತ್ತದೆ. ಹೆಂಡತಿಯೊಂದಿಗೆ ಬಾಯಿಬಿಟ್ಟು ಮಾತಾಡಿದ್ದೀರೋ ಇಲ್ಲವೋ ನೀವು ಬರೆದಿಲ್ಲ. ಗಂಡ ಏನೂ ಹೇಳದೆ ದೂರವಾದರೆ ಹೆಂಡತಿಗೆ ಹೊಳೆಯುವುದು 'ರಕ್ತನಾಳ' ಅಲ್ಲ, 'ನನ್ನ ಮೇಲೆ ಆಸೆ ಹೋಗಿದೆ' ಎಂಬುದು. ಸಾಧ್ಯವಾದರೆ ಮುಂದಿನ ಸಲ ವೈದ್ಯರಲ್ಲಿಗೆ ಅವರನ್ನೂ ಕರೆದುಕೊಂಡು ಹೋಗಿ.

ಈಗ ನೀಲಿ ಮಾತ್ರೆ, ಅಂದರೆ ಸಿಲ್ಡೆನಾಫಿಲ್. ಅದು ಹುಟ್ಟಿದ್ದೇ ಹೃದಯದ ಎದೆನೋವಿಗೆ ಮದ್ದು ಹುಡುಕುತ್ತಿದ್ದ ಪ್ರಯೋಗಾಲಯದಲ್ಲಿ. ಎದೆನೋವಿಗೆ ಹೇಳಿಕೊಳ್ಳುವಂಥ ಉಪಯೋಗ ಕಾಣಲಿಲ್ಲ, ಪ್ರಯೋಗದಲ್ಲಿ ಪಾಲ್ಗೊಂಡ ಗಂಡಸರು ವರದಿ ಮಾಡಿದ ಅಡ್ಡಪರಿಣಾಮವೇ ಮುಖ್ಯ ಉಪಯೋಗವಾಯಿತು. ಒಂದೇ ಒಳಪದರ, ಒಂದೇ ರಾಸಾಯನಿಕದ ಸರಪಳಿ ಎರಡೂ ಕಡೆ ಇದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ನೈಟ್ರಿಕ್ ಆಕ್ಸೈಡ್ ಸ್ನಾಯುವಿನೊಳಗೆ ಸೈಕ್ಲಿಕ್ ಜಿಎಂಪಿ ಎಂಬ ಸಂದೇಶವಾಹಕವನ್ನು ಹುಟ್ಟಿಸುತ್ತದೆ, ಅದು ಸ್ನಾಯುವನ್ನು ಸಡಿಲಿಸುತ್ತದೆ. ಸ್ವಲ್ಪ ಹೊತ್ತಿನ ಮೇಲೆ ಪಿಡಿಇ-5 ಎಂಬ ಕಿಣ್ವ ಅದನ್ನು ಒಡೆದು ಹಾಕುತ್ತದೆ. ಸಿಲ್ಡೆನಾಫಿಲ್, ಟಡಾಲಾಫಿಲ್ ಎರಡೂ ಈ ಒಡೆಯುವ ಕಿಣ್ವವನ್ನು ತಡೆಯುತ್ತವೆ. ಹಾಗಾಗಿ ಇವು ಹೊಸದೇನನ್ನೂ ತಯಾರಿಸುವುದಿಲ್ಲ, ಇದ್ದದ್ದು ಬೇಗ ಕರಗದಂತೆ ಕಾಯುತ್ತವೆ. ಉದ್ರೇಕವೇ ಇಲ್ಲದಿದ್ದರೆ ಮಾತ್ರೆ ನುಂಗಿ ಕುಳಿತವನಿಗೆ ಏನೂ ಆಗುವುದಿಲ್ಲ. ಒಳಪದರವೂ ನರವೂ ತೀರಾ ಸೊರಗಿದ್ದರೆ, ಕಾಯಲು ಏನೂ ಉಳಿದಿರುವುದಿಲ್ಲವಾದ್ದರಿಂದ, ಮಾತ್ರೆ ಸೋಲುತ್ತದೆ. ಹಳೆಯ ಸಕ್ಕರೆ ಕಾಯಿಲೆಯವರಲ್ಲಿ ಇದರ ಗುಣ ಕಡಿಮೆ ಕಾಣುವುದು ಇದಕ್ಕೇ.

ನಿಮ್ಮಂಥ ಸ್ಥಿತಿಯಲ್ಲಿ ಹೃದಯದ ಪರೀಕ್ಷೆ ಮುಗಿದು, ಅಡ್ಡಿಯಿಲ್ಲ ಎಂದಾದ ಮೇಲೆ ಇವು ಸಾಮಾನ್ಯವಾಗಿ ಸುರಕ್ಷಿತ. ಸಂಭೋಗದ ಶ್ರಮವನ್ನು ಹೃದಯ ತಾಳುತ್ತದೆಯೆ ಎಂಬುದಕ್ಕೆ ಒರಟಾದ ಅಳತೆ: ಎದೆನೋವಿಲ್ಲದೆ, ಅತಿಯಾಗಿ ಏದುಸಿರು ಬಿಡದೆ ಎರಡು ಮಹಡಿ ಮೆಟ್ಟಿಲನ್ನು ಚುರುಕಾಗಿ ಹತ್ತಲು ಆಗಬೇಕು. ಸಿಲ್ಡೆನಾಫಿಲನ್ನು ಸುಮಾರು ಒಂದು ಗಂಟೆ ಮೊದಲು ತೆಗೆದುಕೊಳ್ಳಬೇಕು. ಹೊಟ್ಟೆ ತುಂಬ ಜಿಡ್ಡಿನ ಊಟ ಮಾಡಿ ನುಂಗಿದರೆ ಪರಿಣಾಮ ತಡವಾಗುತ್ತದೆ. ಟಡಾಲಾಫಿಲ್‌ಗೆ ಊಟದ ಕಟ್ಟುಪಾಡಿಲ್ಲ, ಪ್ರಭಾವ 36 ಗಂಟೆಯವರೆಗೂ ಇರಬಹುದು. ಒಂದು ಸಲ ಫಲಿಸಲಿಲ್ಲವೆಂದು ಬಿಟ್ಟುಬಿಡುವವರೇ ಹೆಚ್ಚು. ಸರಿಯಾದ ಪ್ರಮಾಣದಲ್ಲಿ ಐದಾರು ಸಲವಾದರೂ ನೋಡದೆ ಸೋತಿತು ಎನ್ನಬಾರದು. ತಲೆನೋವು, ಮುಖ ಬಿಸಿಯಾಗುವುದು, ಮೂಗು ಕಟ್ಟುವುದು ಸಾಮಾನ್ಯ. ನಾಲ್ಕು ಗಂಟೆ ದಾಟಿದರೂ ಇಳಿಯದಿದ್ದರೆ ಮಾತ್ರ ತುರ್ತುಚಿಕಿತ್ಸೆಗೆ ಓಡಬೇಕು.

ಆದರೆ ಮಾತ್ರೆ ರಿಪೇರಿಯಲ್ಲ. ಅದು ಆ ಸಂಜೆಗೆ ಮಾತ್ರ. ಒಳಪದರದ ರಿಪೇರಿ ನಡೆಯುವುದು ಬೇರೆ ಕಡೆ, ಮತ್ತು ಅಚ್ಚರಿಯೆಂದರೆ ಅದು ನಡೆಯುತ್ತದೆ. 2004ರಲ್ಲಿ ಇಟಲಿಯ ಸಂಶೋಧಕಿ ಕ್ಯಾಥರೀನ್ ಎಸ್ಪೊಸಿಟೊ ನೇತೃತ್ವದ ತಂಡ ಬೊಜ್ಜು ಮತ್ತು ನಿಮಿರುವಿಕೆಯ ತೊಂದರೆ ಎರಡೂ ಇದ್ದ 110 ಗಂಡಸರಲ್ಲಿ ಅರ್ಧ ಜನಕ್ಕೆ ಎರಡು ವರ್ಷ ಊಟ ಮತ್ತು ವ್ಯಾಯಾಮದ ಕಟ್ಟುನಿಟ್ಟಾದ ಮಾರ್ಗದರ್ಶನ ಕೊಟ್ಟಿತು, ಉಳಿದವರಿಗೆ ಸಾಮಾನ್ಯ ಸಲಹೆ. ಮಾರ್ಗದರ್ಶನ ಪಡೆದ 55 ಜನರಲ್ಲಿ 17 ಮಂದಿ ಮಾತ್ರೆಯಿಲ್ಲದೆಯೇ ಸರಿಹೋದರು. ಇನ್ನೊಂದು ಗುಂಪಿನಲ್ಲಿ 3 ಮಂದಿ. ಎಲ್ಲರಿಗೂ ಅಲ್ಲ, ಮೂರರಲ್ಲಿ ಒಬ್ಬರಿಗೆ. ಯಾವ ಟಾನಿಕ್ಕೂ ಇಂಥ ಲೆಕ್ಕ ತೋರಿಸಿದ್ದನ್ನು ನಾನು ಕಂಡಿಲ್ಲ. ವ್ಯಾಯಾಮವೆಂದರೆ ಮಾತಾಡಲು ತುಸು ಕಷ್ಟವಾಗುವಷ್ಟು ವೇಗದಲ್ಲಿ 40 ನಿಮಿಷ, ವಾರಕ್ಕೆ ನಾಲ್ಕು ದಿನ, ಕನಿಷ್ಠ ಆರು ತಿಂಗಳು. ಮತ್ತೆ ಸಿಗರೇಟು. ಏಳೆಂಟನ್ನು ಮೂರಕ್ಕೆ ಇಳಿಸುವುದು ಲೆಕ್ಕಕ್ಕೆ ಬರುವುದಿಲ್ಲ, ರಕ್ತನಾಳದ ಮಟ್ಟಿಗೆ ಕಡಿಮೆ ಸೇದುವುದರ ಹಾನಿ ನಾವು ಎಣಿಸಿದಷ್ಟು ಕಡಿಮೆಯಲ್ಲ. ಪೂರ್ತಿ ಬಿಡಬೇಕು. ಗೊರಕೆ ಜೋರಾಗಿದ್ದು ಹಗಲೆಲ್ಲ ತೂಕಡಿಕೆ ಇದ್ದರೆ ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆಗೂ ಪರೀಕ್ಷೆ ಮಾಡಿಸಿ.

ಮಾತ್ರೆ ಫಲಿಸದಿದ್ದರೆ ದಾರಿ ಮುಚ್ಚಿತು ಎಂದಲ್ಲ. ನಿರ್ವಾತ ಪಂಪು, ಶಿಶ್ನಕ್ಕೇ ತೆಗೆದುಕೊಳ್ಳುವ ಇಂಜೆಕ್ಷನ್, ಕೊನೆಗೆ ಒಳಗೆ ಅಳವಡಿಸುವ ಇಂಪ್ಲಾಂಟ್ ಇವೆ. ಇಂಜೆಕ್ಷನ್ ಎಂದಾಗ ಬ್ರಿಟನ್ನಿನ ಗೈಲ್ಸ್ ಬ್ರಿಂಡ್ಲಿ ನೆನಪಾಗುತ್ತಾರೆ. 1983ರಲ್ಲಿ ಲಾಸ್ ವೇಗಸ್‌ನ ವೈದ್ಯಕೀಯ ಸಮ್ಮೇಳನಕ್ಕೆ ಮುಂಚೆ ತಾವೇ ಇಂಜೆಕ್ಷನ್ ಚುಚ್ಚಿಕೊಂಡು ಬಂದು, ವೇದಿಕೆಯ ಮೇಲೆ ಪ್ಯಾಂಟು ಇಳಿಸಿ ಫಲಿತಾಂಶ ತೋರಿಸಿದ ಪುಣ್ಯಾತ್ಮ. ಸಭೆ ದಂಗಾಯಿತು, ವಿಜ್ಞಾನ ಮುಂದೆ ಹೋಯಿತು. ಅಪಧಮನಿಗೆ ಬೈಪಾಸ್ ಮಾಡುವುದು ಸೊಂಟದ ಭಾಗಕ್ಕೆ ಪೆಟ್ಟು ಬಿದ್ದ ಕೆಲವೇ ಯುವಕರಿಗೆ, ನಿಮಗಲ್ಲ. ಶಾಕ್‌ವೇವ್, ಪಿಆರ್‌ಪಿ (ನಿಮ್ಮದೇ ರಕ್ತದಿಂದ ಬೇರ್ಪಡಿಸಿದ ಅಂಶದ ಚುಚ್ಚುಮದ್ದು), ಕಾಂಡಕೋಶ ಎಂದು ದೊಡ್ಡ ಜಾಹೀರಾತು ಕಂಡರೆ, ಅವಿನ್ನೂ ಪ್ರಯೋಗದ ಹಂತದಲ್ಲಿವೆ ಎಂದು ತಿಳಿದಿರಲಿ.

'ಗಿಡಮೂಲಿಕೆಯದು, ಅಡ್ಡಪರಿಣಾಮ ಇಲ್ಲ' ಎಂದು ಮಾರುವ ಶಕ್ತಿವರ್ಧಕ ಗುಳಿಗೆಗಳ ಬಗ್ಗೆ ಎಚ್ಚರ. ಇಂಥ ಎಷ್ಟೋ ಉತ್ಪನ್ನಗಳಲ್ಲಿ ಲೇಬಲ್ಲಿನ ಮೇಲೆ ಬರೆಯದ ಸಿಲ್ಡೆನಾಫಿಲ್ ಸೇರಿಸಿರುವುದನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಪದೇ ಪದೇ ಪತ್ತೆಹಚ್ಚಿದೆ. ಗುಳಿಗೆ ಕೆಲಸ ಮಾಡಿತು ಎಂದರೆ ಮೂಲಿಕೆಯ ಗುಣವೋ ಕಲಬೆರಕೆಯ ಗುಣವೋ ಹೇಳುವುದು ಕಷ್ಟ, ಎಷ್ಟು ಪ್ರಮಾಣ ಹೊಟ್ಟೆಗೆ ಹೋಯಿತೆಂಬುದೂ ಗೊತ್ತಿರುವುದಿಲ್ಲ.

ಸಿಲ್ಡೆನಾಫಿಲ್ ಗುಂಪಿನ ಮಾತ್ರೆ ಜೀವಕ್ಕೆ ಎರವಾಗುವುದು ಒಂದು ಸಂದರ್ಭದಲ್ಲಿ, ಅದನ್ನು ನೀವೂ ನಿಮ್ಮ ಹೆಂಡತಿಯೂ ಇಬ್ಬರೂ ತಿಳಿದಿರಬೇಕು. ಎದೆನೋವಿಗೆ ನಾಲಿಗೆಯ ಕೆಳಗೆ ಇಡುವ ನೈಟ್ರೇಟ್ ಮಾತ್ರೆ, ದಿನಾ ನುಂಗುವ ಐಸೊಸಾರ್ಬೈಡ್, ನಿಕೊರಾಂಡಿಲ್ ಇವುಗಳಲ್ಲಿ ಯಾವುದಾದರೂ ನಡೆಯುತ್ತಿದ್ದರೆ ಸಿಲ್ಡೆನಾಫಿಲ್ ಗುಂಪಿನ ಮಾತ್ರೆ ಮುಟ್ಟಲೇಬಾರದು. ಎರಡೂ ಸೇರಿದರೆ ರಕ್ತದೊತ್ತಡ ಪಾತಾಳಕ್ಕಿಳಿಯುತ್ತದೆ. ಪ್ರಾಸ್ಟೇಟಿಗೆ ಟ್ಯಾಮ್ಸುಲೊಸಿನ್ ಅಥವಾ ಬಿಪಿಗೆ ಪ್ರಾಝೊಸಿನ್ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಹೇಳಿ, ಪ್ರಮಾಣ ಕಡಿಮೆಯಿಂದ ಶುರುಮಾಡಬೇಕಾಗುತ್ತದೆ. ಮಾತ್ರೆ ತೆಗೆದುಕೊಂಡ ಮೇಲೆ ಎಂದಾದರೂ ಎದೆ ಹಿಡಿದುಕೊಂಡರೆ ಅಲ್ಲಿಗೆ ನಿಲ್ಲಿಸಿ, ಮನೆಯಲ್ಲಿ ಯಾರದೋ ನೈಟ್ರೇಟ್ ಇದೆಯೆಂದು ನಾಲಿಗೆ ಕೆಳಗೆ ಇಟ್ಟುಕೊಳ್ಳದೆ ಆಸ್ಪತ್ರೆಗೆ ಹೋಗಿ. ಅಲ್ಲಿ ಮೊದಲು ಹೇಳಬೇಕಾದ ಮಾತು, ಯಾವ ಮಾತ್ರೆ ಎಷ್ಟು ಹೊತ್ತಿಗೆ ತೆಗೆದುಕೊಂಡೆ ಎಂಬುದು. ಸಿಲ್ಡೆನಾಫಿಲ್ ಆದರೆ 24 ಗಂಟೆ, ಟಡಾಲಾಫಿಲ್ ಆದರೆ 48 ಗಂಟೆ ನೈಟ್ರೇಟ್ ಕೊಡುವಂತಿಲ್ಲ. ನಿಮಗೆ ಹೇಳಲು ಆಗದ ಸ್ಥಿತಿಯಿದ್ದರೆ ನಿಮ್ಮ ಪರವಾಗಿ ಹೇಳುವವರು ನಿಮ್ಮ ಹೆಂಡತಿಯೇ.